ಹದಕ್ಕೊಂದು ಮಾತು



ಮದುವೆಯಾಗಿ ದೂರದ ಊರು ಸೇರಿದ ಮಗಳು ಫೋನು ಮಾಡುತ್ತಾಳೆ. "ಅಮ್ಮೀ, ಬಿರಿಯಾನಿಯ ಅಕ್ಕಿ ಎಷ್ಟು ನಿಮಿಷ ಬೇಯಿಸಬೇಕು?" ನೀವು ನಿಮಿಷ ಹೇಳುವುದಿಲ್ಲ. "ಏಕ್ ಕನಿ ಇರುವಾಗ ಇಳಿಸು ಬೇಟಿ" ಎನ್ನುತ್ತೀರಿ. ಅಗುಳನ್ನು ಬೆರಳ ನಡುವೆ ಹಿಸುಕಿದರೆ ಹೊರಗೆಲ್ಲ ಬೆಂದಿರಬೇಕು, ಒಳಗೆ ಚುಕ್ಕೆಯಷ್ಟು ಗಟ್ಟಿ ಉಳಿದಿರಬೇಕು. ಆ ಚುಕ್ಕೆಯೇ ಕನಿ. ಅದು ದಮ್ಮಿನಲ್ಲಿ ಬೇಯುತ್ತದೆ. ಅಕ್ಕಿ ಹಳೆಯದೋ ಹೊಸದೋ, ಉರಿ ಹೆಚ್ಚೋ ಕಡಿಮೆಯೋ, ನಿಮಿಷದ ಲೆಕ್ಕ ತಪ್ಪಬಹುದು. ಕನಿಯ ಲೆಕ್ಕ ತಪ್ಪುವುದಿಲ್ಲ.

ಇಂಥ ಮಾತುಗಳು ನಮ್ಮ ಅಡುಗೆಮನೆಗಳಲ್ಲಿ ಎಷ್ಟಿವೆ ಎಂದು ಎಂದಾದರೂ ಎಣಿಸಿದ್ದೀರಾ?

ಭೀಮಾ ನದಿಯ ದಂಡೆಯ ಘತ್ತರಗಿಯನ್ನೇ ತೆಗೆದುಕೊಳ್ಳಿ. ಅಫಜಲಪುರ, ಆಳಂದ, ಜೇವರ್ಗಿಯ ಈ ಸೀಮೆ ಜೋಳದ ಸೀಮೆ. ಯಾವ ಧರ್ಮದವರ ಮನೆಯಾದರೂ ಒಲೆಯ ಮೇಲೆ ರೊಟ್ಟಿಯ ಹಂಚು ಇದ್ದೇ ಇರುತ್ತದೆ. ಗೋಧಿ ಹಿಟ್ಟಿಗೆ ನಾದಿದರೆ ಹಿಗ್ಗುವ ಗುಣವಿದೆ. ಜೋಳದ ಹಿಟ್ಟಿಗೆ ಅದಿಲ್ಲ. ಕುದಿಯುವ ಎಸರು ಬಿದ್ದಾಗ ಹಿಟ್ಟಿನೊಳಗಿನ ಪಿಷ್ಟ ಬೆಂದು ಅಂಟಾಗುತ್ತದೆ. ಅದಕ್ಕೆ ಹೆಸರು ಜಿಗಿ. ಹೊಸ ಸೊಸೆ ಬಡಿದ ರೊಟ್ಟಿಯ ಅಂಚು ಬಿರಿದರೆ ಪಕ್ಕದ ಮನೆಯ ಹಿರಿಯಳು ನೋಡಿದ ಕೂಡಲೇ ಹೇಳುತ್ತಾಳೆ: "ಹಿಟ್ಟಿಗಿ ಜಿಗಿನೇ ಇಲ್ಲವ್ವಾ." ಒಂದೋ ಹಿಟ್ಟು ಹಳೆಯದು, ಇಲ್ಲವೇ ಎಸರು ಸರಿಯಾಗಿ ಕುದಿದಿಲ್ಲ. ರೋಗ, ಕಾರಣ, ಮದ್ದು ಎಲ್ಲ ಆ ಒಂದು ಮಾತಿನಲ್ಲಿದೆ.

ಅದೇ ರೊಟ್ಟಿ ಹಂಚಿನಿಂದ ಇಳಿದಾಗ ಮೆತ್ತಗೆ, ಒಣಗಿಸಿಟ್ಟರೆ ಖಡಕ್. ಕಡಲೆ ಹಿಟ್ಟನ್ನು ನೋಡಿ. ಬಿಡಿಬಿಡಿಯಾಗಿದ್ದರೆ ಉದುರು ಝುಣಕ, ಗಟ್ಟಿಯಾಗಿ ತಟ್ಟಿ ಕೊಯ್ದರೆ ಝುಣಕದ ವಡಿ, ಸಡಿಲವಾಗಿ ಕುದಿಸಿದರೆ ಪಿಟ್ಲ. ಹಿಟ್ಟು ಒಂದೇ, ಹದ ಬೇರೆ, ಹೆಸರೂ ಬೇರೆ. ಶೇಂಗಾ ಹಿಂಡಿ ತರಿತರಿಯಾಗಿಯೇ ಇರಬೇಕು, ಹಪ್ಪಳ ಗರಿಗರಿ, ಬೆಲ್ಲದ ಪಾಕ ಎಳೆ ಬರಬೇಕು. ನಮ್ಮ ಮನೆಗಳಲ್ಲಿ ಇದರ ಜೊತೆಗೆ ಉರ್ದುವಿನ ಮಾತುಗಳೂ ಸೇರುತ್ತವೆ. ಹಲೀಮಿನ ಮಾಂಸ ರೇಶೆ ರೇಶೆಯಾಗಬೇಕು, ಗೋಧಿ ಕರಗಿ ಲೇಸ್ ಬರಬೇಕು. ಎರಡು ಭಾಷೆಯ ಆಸ್ತಿ ನಮ್ಮದು.

ಜಪಾನಿನವರು ಇಂಥ ಮಾತುಗಳನ್ನು ಕೂಡಿಸಿ ಪಟ್ಟಿ ಮಾಡಿದ್ದಾರೆ. ತಿನಿಸು ಬಾಯಿಗೆ ಹೇಗೆ ಸಿಗುತ್ತದೆ ಎಂದು ಹೇಳುವ ಪದಗಳು ಅಲ್ಲಿನ ಸಂಶೋಧಕರ ಪಟ್ಟಿಯಲ್ಲಿ 400ಕ್ಕೂ ಹೆಚ್ಚಿವೆ. ಅವುಗಳಲ್ಲಿ ಬಹಳಷ್ಟು ನಮ್ಮ ಗರಿಗರಿ, ಕುರುಕುರುಗಳ ಹಾಗೆಯೇ ಜೋಡಿ ಪದಗಳು. ತೆಳ್ಳಗೆ ಗರಿಯಾದದ್ದು 'ಪರಿಪರಿ', ಗಟ್ಟಿಯಾಗಿ ಕುರುಕಲಾದದ್ದು 'ಕರಿಕರಿ', ಕರಿದ ತಿನಿಸಿನ ಹಗುರ ಗರಿ 'ಸಕುಸಕು'. ಹತ್ತಿಯಂತೆ ಹಗುರವಾದರೆ 'ಫುವಾಫುವಾ', ಬೆಂಡೆಕಾಯಿಯಂತೆ ಲೋಳೆಯಾದರೆ 'ನೆಬನೆಬ'. ಬೇಯಿಸಿದ ಗೆಣಸು ಬಿಸಿಬಿಸಿಯಾಗಿ ಹಿಟ್ಟುಹಿಟ್ಟಾಗಿ ಬಾಯಲ್ಲಿ ಒಡೆದರೆ 'ಹೊಕುಹೊಕು'. ಅಕ್ಕಿ ಹಿಟ್ಟಿನ ಉಂಡೆಗೆ ಎಷ್ಟು ನಾದಬೇಕು ಎಂದರೆ ಅಲ್ಲಿನ ತಾಯಂದಿರು "ಕಿವಿಯ ಹಾಲೆಯಷ್ಟು ಮೆತ್ತಗೆ" ಎನ್ನುತ್ತಾರೆ. ಒಮ್ಮೆ ನಿಮ್ಮ ಕಿವಿಯ ಹಾಲೆಯನ್ನು ಮುಟ್ಟಿ ನೋಡಿ. ಅಳತೆ ತಿಳಿಯಿತಲ್ಲ!

ಇದೆಲ್ಲ ಬರೀ ಬಾಯಿರುಚಿಯ ಮಾತು ಎನ್ನಬೇಡಿ. ಮನೆಯಲ್ಲಿ ಅಬ್ಬಾನಿಗೆ ಲಕ್ವ ಹೊಡೆಯಿತು ಎನ್ನಿ. ಆಸ್ಪತ್ರೆಯಿಂದ ಕಳಿಸುವಾಗ "ಮೆತ್ತಗಿನ ಊಟ ಕೊಡಿ" ಎಂದಷ್ಟೇ ಹೇಳುತ್ತಾರೆ. ಮನೆಗೆ ಬಂದ ಮೇಲೆ ಪ್ರಶ್ನೆ ಏಳುತ್ತದೆ. ಎಷ್ಟು ಮೆತ್ತಗೆ? ನೀರಿಗಿಂತ ಮೆತ್ತಗಿನದು ಏನಿದೆ ಎಂದು ತೆಳ್ಳಗಿನ ಗಂಜಿ ಕುಡಿಸುತ್ತೇವೆ, ಅವರು ಕೆಮ್ಮುತ್ತಾರೆ. ನುಂಗುವ ಶಕ್ತಿ ಕುಂದಿದವರಿಗೆ ನೀರು ನೀರಾದದ್ದೇ ಹಲವು ಸಲ ಕಷ್ಟ. ಅದು ಬೇಗ ಜಾರಿ ಉಸಿರಿನ ದಾರಿಗೆ ಇಳಿಯುತ್ತದೆ, ಎದೆಗೆ ಸೋಂಕಾಗಬಹುದು. ಸಾರಿನಲ್ಲಿ ನೆನೆಸಿದ ಖಡಕ್ ರೊಟ್ಟಿಯೂ ಎಲ್ಲರಿಗೂ ಸರಿಯಲ್ಲ. ಮೇಲೆ ಮೆತ್ತಗಿದ್ದರೂ ಒಳಗೆ ಚೂರು ಉಳಿದಿರುತ್ತದೆ, ಸುತ್ತ ತೆಳು ಸಾರು ಇರುತ್ತದೆ.

ವೃದ್ಧರು ಬಹಳವಿರುವ ಜಪಾನಿನಲ್ಲಿ ಇದಕ್ಕೂ ಮಾತು ಹುಡುಕಿದ್ದಾರೆ. ಹಿರಿಯರಿಗೆಂದು ಮಾರುವ ಆಹಾರದ ಪೊಟ್ಟಣದ ಮೇಲೆ ನಾಲ್ಕು ಹಂತ ಬರೆದಿರುತ್ತದೆ: ಸುಲಭವಾಗಿ ಅಗಿಯಬಹುದು, ಒಸಡಿನಿಂದ ಒತ್ತಿ ಹಿಸುಕಬಹುದು, ನಾಲಿಗೆಯಿಂದ ಹಿಸುಕಬಹುದು, ಅಗಿಯುವುದೇ ಬೇಡ. ಇದನ್ನು ಓದಿದರೆ ಯಾವ ಸೊಸೆಯೂ ತಪ್ಪಲಾರಳು.

ನಮಗೆ ಪೊಟ್ಟಣ ಬೇಡ, ಮಾತು ನಮ್ಮಲ್ಲೇ ಇದೆ. ವೈದ್ಯರು "ಮೆತ್ತಗೆ" ಎಂದಾಗ ಸಂಕೋಚಪಡದೆ ಕೇಳಿ: "ಡಾಕ್ಟ್ರೇ, ತೆಳ್ಳಗಿರಬೇಕೋ ಮಂದವಾಗಿರಬೇಕೋ? ತರಿ ಇರಬಹುದೋ, ನುಣ್ಣಗೇ ಆಗಬೇಕೋ? ಒಸಡಿನಿಂದ ಹಿಸುಕುವಷ್ಟೋ, ನಾಲಿಗೆಯಿಂದಲೋ?" ನುಚ್ಚನ್ನು ಯಾವ ಹದಕ್ಕೆ ಮಸೆಯಬೇಕು ಎಂದು ಆಮೇಲೆ ನಿಮ್ಮ ಕೈಗೇ ತಿಳಿಯುತ್ತದೆ.

ಶಾಲೆಯಲ್ಲಿ ನಮ್ಮ ಮಕ್ಕಳು 'ಅನುಕರಣಾವ್ಯಯ' ಎಂಬ ಪಾಠ ಬಾಯಿಪಾಠ ಮಾಡುತ್ತಾರೆ. ಪರೀಕ್ಷೆ ಮುಗಿದರೆ ಮರೆಯುತ್ತಾರೆ. ಅದೇ ಮಾತು ಅಡುಗೆಮನೆಯಲ್ಲಿ ಕೈಗೆ ತಾಗಿದರೆ ಮರೆಯಲಾರರು. ನಾಳೆ ಹಿಟ್ಟು ನಾದುವಾಗ ಮಗಳನ್ನು ಕರೆಯಿರಿ, ಮಗನನ್ನೂ ಕರೆಯಿರಿ. ಒಂದು ಉಂಡೆ ಅವರ ಕೈಗೆ ಕೊಟ್ಟು, "ನೋಡು, ಇದು ಜಿಗಿ" ಎನ್ನಿ. ಮುಂದೊಂದು ದಿನ ನಮಗೆ ಹಲ್ಲಿಲ್ಲದಾಗ, ಯಾವ ಹದದ ತುತ್ತು ಕೊಡಬೇಕೆಂದು ಅವರಿಗೆ ಗೊತ್ತಿರಬೇಕಲ್ಲ!