ಅರ್ಧ ಮನೆ ಶ್ರುತಿ

ಪ್ರಾಜೆಕ್ಟ್ ಕೆಲಸಕ್ಕೆ ಅಂತ ಮೂರು ತಿಂಗಳು ಲಂಡನ್‌ನಲ್ಲಿದ್ದೆ. ಒಂದು ಶುಕ್ರವಾರ ಆಫೀಸ್ ಮುಗಿಸಿ ನೇರ ವಿಗ್‌ಮೋರ್ ಹಾಲ್‌ಗೆ ಹೋದೆ. ಸಂಗೀತಪ್ರೇಮಿ ಅಂದ್ಕೋಬೇಡಿ. 35 ವರ್ಷದೊಳಗಿನವರಿಗೆ ಐದೇ ಪೌಂಡ್‌ಗೆ ಟಿಕೆಟ್ ಸಿಗುತ್ತೆ ಅಂತ ಸಹೋದ್ಯೋಗಿಯೊಬ್ಬಳು ಹೇಳಿದ್ದಳು. ಅಲ್ಲಿ ಸ್ಯಾಂಡ್‌ವಿಚ್-ಕಾಫಿಗೇ ಅದಕ್ಕಿಂತ ಜಾಸ್ತಿ ಆಗುತ್ತೆ!

1901ರಲ್ಲಿ ಬೆಕ್‌ಸ್ಟೈನ್ ಅನ್ನೋ ಜರ್ಮನ್ ಪಿಯಾನೋ ಕಂಪನಿ ಕಟ್ಟಿಸಿದ ಸಭಾಂಗಣ ಅದು. ಸುಮಾರು 550 ಸೀಟು. ವೇದಿಕೆ ಮೇಲೆ ಒಂದು ಪಿಯಾನೋ, ನುಡಿಸೋರೊಬ್ಬರು, ಹಾಡೋರೊಬ್ಬರು. ಮೈಕ್ ಇಲ್ಲವೇ ಇಲ್ಲ. ಗಾಯಕರು ದಶಕಗಳ ಕಾಲ ಒಪೆರಾ ಹಾಡಿದ ಹಿರಿಯರು. ಇಡೀ ಆರ್ಕೆಸ್ಟ್ರಾ ಭೋರ್ಗರೆಯುವಾಗ ಮೈಕಿಲ್ಲದೆ ಕೊನೇ ಸಾಲಿಗೂ ದನಿ ಮುಟ್ಟಿಸೋದು ಅವರ ಕಸುಬು. ಕಿವಿ ಗಡಚಿಕ್ಕುತ್ತೆ ಅಂದ್ಕೊಂಡೇ ಕೂತೆ.

ಅವತ್ತು ಹಾಡಿದ್ದು ಶೂಬರ್ಟ್‌ನ ‘ವಿಂಟರ್‌ರೈಸೆ’, ಅಂದರೆ ಚಳಿಗಾಲದ ಪಯಣ. ಪ್ರೀತಿ ಕಳ್ಕೊಂಡವನೊಬ್ಬ ಹಿಮದಲ್ಲಿ ಒಂಟಿಯಾಗಿ ನಡೀತಾ ಹೋಗೋ 24 ಹಾಡುಗಳು. ಒಂದು ಗಂಟೆಗೂ ಮೀರಿ ನಡೆಯುತ್ತೆ, ನಡುವೆ ಯಾರೂ ಚಪ್ಪಾಳೆ ತಟ್ಟಲ್ಲ. ವಿಲ್ಹೆಲ್ಮ್ ಮ್ಯೂಲರ್ ಕವಿತೆಗಳಿಗೆ 1827ರಲ್ಲಿ ರಾಗ ಹಾಕಿದಾಗ ಶೂಬರ್ಟ್‌ಗೆ 30. ಮುಂದಿನ ವರ್ಷ ತೀರಿಕೊಂಡ. ನನಗೂ ಈಗ 30. ಈವರೆಗೆ ಪೂರ್ತಿ ಮುಗಿಸಿದ್ದು ಒಂದು ಪೇಮೆಂಟ್ ಮಾಡ್ಯೂಲ್.

ಐದಾರು ಹಾಡು ಆಗಿರಬಹುದು. ಮೇಲಿನ ಸ್ವರವೊಂದರಲ್ಲಿ ಅವರ ದನಿ ಒಡೀತು. ನನ್ನೆದೆ ಧಸಕ್ ಅಂತು. ಅಮ್ಮ ನೆನಪಾದಳು.

ಮೈಸೂರಿನ ನಮ್ಮನೇಲಿ ಮೂವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವಳು ಅಮ್ಮ. ಎರಡು ವರ್ಷದ ಹಿಂದೆ ರಾಮನವಮಿಗೆ ದೇವಸ್ಥಾನದಲ್ಲಿ ಹಾಡುವಾಗ ತಾರಸ್ಥಾಯಿಯಲ್ಲಿ ದನಿ ಹೀಗೇ ಕೈಕೊಟ್ಟಿತು. ಮನೆಗೆ ಬಂದ ಮೇಲೆ ನಾನೇ ಹೇಳಿದ್ದೆ: “ಸಾಕು ಬಿಡಮ್ಮ, ಇನ್ಮೇಲೆ ಮಕ್ಕಳ ಕೈಲಿ ಹಾಡಿಸು.” ಮೊಬೈಲಲ್ಲಿದ್ದ ವಿಡಿಯೋನೂ ಡಿಲೀಟ್ ಮಾಡಿದೆ. ಅದನ್ನ ಕಾಳಜಿ ಅಂದ್ಕೊಂಡಿದ್ದೆ. ಆಮೇಲೆ ಅವಳು ವೇದಿಕೆ ಹತ್ತಲಿಲ್ಲ.

ಈ ಹಿರಿಯರು ಕೆಮ್ಮಿ ನೆಪ ಮಾಡಲಿಲ್ಲ. ಮುಂದಿನ ಸಾಲನ್ನ ಇನ್ನೂ ಮೆಲ್ಲಗೆ, ಪಕ್ಕದಲ್ಲಿ ಕೂತವರಿಗೆ ಹೇಳೋ ಹಾಗೆ ಹಾಡಿದರು. ನಾನು ಸೀಟಿನ ತುದಿಗೆ ಬಂದು ಕೇಳಿದೆ.

ಕೊನೇ ಹಾಡಲ್ಲಿ ಬೀದಿಯಲ್ಲಿ ವಾದ್ಯ ತಿರುಗಿಸೋ ಮುದುಕನೊಬ್ಬ ಬರ್ತಾನೆ ಅಂತ ಕೈಲಿದ್ದ ಪುಸ್ತಿಕೆಯ ಅನುವಾದದಲ್ಲಿತ್ತು. ಬರಿಗಾಲು, ಖಾಲಿ ತಟ್ಟೆ, ಕೇಳೋರೇ ಇಲ್ಲ. ಆದರೂ ನುಡಿಸ್ತಾ ಇರ್ತಾನೆ. ಪಿಯಾನೋದಲ್ಲಿ ಎಡಗೈ ಎರಡೇ ಸ್ವರ ಹಿಡಿದಿತ್ತು, ನಮ್ಮ ತಂಬೂರಿಯ ಸ-ಪ ಥರ. ಹಾಡು ನಿಂತ ಮೇಲೂ ಸುಮಾರು ಹೊತ್ತು ಯಾರೂ ಅಲುಗಾಡಲಿಲ್ಲ.

ಹೊರಗೆ ಬರುವಾಗ ಪಕ್ಕದ ಸೀಟಿನ ಅಜ್ಜಿಯೊಬ್ಬರು ಹೇಳಿದರು: ಇವು ಮೂಲತಃ ಎತ್ತರದ ದನಿಗೆ ಬರೆದ ಹಾಡುಗಳು. ಗಾಯಕರು ತಮ್ಮ ದನಿಗೆ ತಕ್ಕ ಹಾಗೆ ಶ್ರುತಿ ಇಳಿಸ್ಕೊಂಡು ಹಾಡೋದು ಮಾಮೂಲು.

ಊರಲ್ಲಿ ಆಗಲೇ ಮಧ್ಯರಾತ್ರಿ ಕಳೆದಿತ್ತು. ಮರುದಿನ ಬೆಳಗ್ಗೆ ಅಮ್ಮನಿಗೆ ಫೋನ್ ಮಾಡಿ, ವಿಡಿಯೋ ಡಿಲೀಟ್ ಮಾಡಿದ್ದು ತಪ್ಪಾಯ್ತು ಅಂದೆ. “ಅರ್ಧ ಮನೆ ಶ್ರುತಿ ಇಳಿಸ್ಕೊಂಡು ಹಾಡಮ್ಮ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು.

“ಅರ್ಧ ಸಾಲದು ಕಣೋ, ಒಂದು ಮನೆ ಬೇಕು. ಹಾಡಿ ನೋಡಿದೀನಿ.”

ಯಾವಾಗ ಅಂತ ನಾನು ಕೇಳಲಿಲ್ಲ.