ಹಾರಿಸಿ ನೋಡದ ವಿಮಾನ

ಬೋಧನಾಭ್ಯಾಸದ ವಿಜ್ಞಾನ ಪಾಠಗಳಲ್ಲಿ ವಿಮಾನದ ಮಾದರಿ ಹೊಸದೇನಲ್ಲ. ಥರ್ಮೋಕೋಲ್ ಕತ್ತರಿಸಿ, ಬಣ್ಣ ಬಳಿದು, ಬಾಲಕ್ಕೆ ತ್ರಿವರ್ಣ ಹಚ್ಚಿ ಮೇಜಿನ ಮೇಲೆ ಇಡುತ್ತೇವೆ. ಭಾಗಗಳನ್ನು ಹೆಸರಿಸುತ್ತೇವೆ. ವೀಕ್ಷಣಾ ಪುಸ್ತಕದಲ್ಲಿ 'ಉಪಕರಣ ಆಕರ್ಷಕವಾಗಿದೆ' ಎಂಬ ಷರಾ ಬರುತ್ತದೆ. ಅದು ಹಾರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಆ ಪ್ರಶ್ನೆ ಕೇಳದೆ ಅದಕ್ಕೆ ಅಂಕ ಕೊಡಬಾರದು ಎಂಬುದು ನನ್ನ ಅಭಿಪ್ರಾಯ.

ಮಾದರಿ ವಿಮಾನ ಮಾಡಿ ಹಾರಿಸುವುದು ನನ್ನ ಹವ್ಯಾಸ. ನಮ್ಮೂರು ಕೊಡಂಬಲ. ಬೇಸಿಗೆಯಲ್ಲಿ ತೊಗರಿ, ಜೋಳದ ರಾಶಿ ಮುಗಿದು ಹೊಲಗಳು ಖಾಲಿ ಇರುತ್ತವೆ. ಬೆಳಿಗ್ಗೆ ಗಾಳಿಯೂ ಶಾಂತ. ಕಳೆದ ರಜೆಯಲ್ಲಿ ಊರಿನ ಮಕ್ಕಳೊಂದಿಗೆ ಅಲ್ಲೇ ಗ್ಲೈಡರ್ ಹಾರಿಸಿದೆವು. ಸಾಮಾನು ಇಷ್ಟೇ: ಥರ್ಮೋಕೋಲ್ ಹಾಳೆ, ಬಿದಿರಿನ ಕಡ್ಡಿ, ಫೆವಿಕಾಲ್, ಮೂತಿಗೆ ಮೆತ್ತಲು ಜೇಡಿಮಣ್ಣು.

ಎಸೆದ ಕೂಡಲೇ ಮೂತಿ ನೆಲಕ್ಕೆ ಕುಕ್ಕಿದರೆ ಮುಂದಿನ ಭಾರ ಹೆಚ್ಚಾಗಿದೆ. ಮೇಲೆದ್ದು, ಒಂದು ಕ್ಷಣ ನಿಂತಂತಾಗಿ ಬಿದ್ದರೆ ಹಿಂದಿನ ಭಾರ ಹೆಚ್ಚಾಗಿದೆ. ರೆಕ್ಕೆ ಆಯತಾಕಾರದ್ದಾದರೆ, ಮುಂದಂಚಿನಿಂದ ಅದರ ಅಗಲದ ಕಾಲುಭಾಗಕ್ಕೂ ಮೂರನೇ ಒಂದು ಭಾಗಕ್ಕೂ ನಡುವೆ ಎರಡು ಬೆರಳು ಹಿಡಿದಾಗ ವಿಮಾನ ಸಮವಾಗಿ ನಿಲ್ಲಬೇಕು. ಮಕ್ಕಳು ಮಣ್ಣು ಕಿತ್ತು, ಮೆತ್ತಿ, ಮತ್ತೆ ಎಸೆದರು. ಗುರುತ್ವ ಕೇಂದ್ರ ಎಂಬ ಪದ ಕೇಳುವ ಮೊದಲೇ ಅವರು ಅದನ್ನು ಬೆರಳ ತುದಿಯಲ್ಲಿ ಹುಡುಕಿಕೊಂಡಿದ್ದರು.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ನಮ್ಮ ಎಷ್ಟೋ ಪಾಠಯೋಜನೆಗಳಲ್ಲಿ ಹೀಗೊಂದು ವಿವರಣೆ ಇರುತ್ತದೆ: ರೆಕ್ಕೆಯ ಮೇಲ್ಮೈ ಉಬ್ಬಿರುವುದರಿಂದ ಮೇಲಿನ ಗಾಳಿಗೆ ದಾರಿ ಉದ್ದ, ಕೆಳಗಿನ ಗಾಳಿಯನ್ನು ಹಿಂದಂಚಿನಲ್ಲಿ ಕೂಡಿಕೊಳ್ಳಲು ಅದು ವೇಗವಾಗಿ ಓಡುತ್ತದೆ, ಆದ್ದರಿಂದ ಒತ್ತಡ ಕಡಿಮೆ. ಮೇಲಿನ ಗಾಳಿಯ ವೇಗ ಹೆಚ್ಚು, ಒತ್ತಡ ಕಡಿಮೆ ಎಂಬುದು ನಿಜ. ಆದರೆ ಎರಡೂ ಒಟ್ಟಿಗೇ ತಲುಪಬೇಕೆಂಬ ನಿಯಮವಿಲ್ಲ. ವಾಸ್ತವದಲ್ಲಿ ಮೇಲಿನ ಗಾಳಿ ಮೊದಲೇ ತಲುಪುತ್ತದೆ. ನಮ್ಮ ಗ್ಲೈಡರ್‌ನ ರೆಕ್ಕೆಗೆ ಉಬ್ಬೇ ಇರಲಿಲ್ಲ, ಚಪ್ಪಟೆ ಹಾಳೆ. ಆದರೂ ಹಾರಿತು.

ನಮ್ಮ ಜಿಲ್ಲೆಯ ಮಕ್ಕಳಿಗೆ ಇದಕ್ಕೆ ಇನ್ನೊಂದು ಸಾಕ್ಷಿ ಆಕಾಶದಲ್ಲೇ ಇದೆ. ವಾಯುಪಡೆಯ ಸೂರ್ಯಕಿರಣ್ ತಂಡ 1996ರಲ್ಲಿ ಬೀದರ್‌ನಲ್ಲೇ ಆರಂಭವಾಯಿತು. 2011ರವರೆಗೆ ಬೆಂಗಳೂರಿನ ಎಚ್‌ಎಎಲ್ ರೂಪಿಸಿದ ಕಿರಣ್ ವಿಮಾನಗಳಲ್ಲಿ ಹಾರುತ್ತಿದ್ದ ತಂಡ, 2015ರಿಂದ ಹಾಕ್ ವಿಮಾನಗಳಲ್ಲಿ ಹಾರುತ್ತಿದೆ. ಯಲಹಂಕದ ಏರೋ ಇಂಡಿಯಾದಲ್ಲಿ ಅದರ ಪ್ರದರ್ಶನವನ್ನು ಮಕ್ಕಳು ಮೊಬೈಲ್‌ನಲ್ಲಿ ನೋಡಿದ್ದಾರೆ. ಹೊಲದಲ್ಲಿ ಒಬ್ಬ ಹುಡುಗಿ ಕೇಳಿದಳು: "ಅಣ್ಣಾ, ಉಲ್ಟಾ ಹಾರಿದ್ರೂ ಅದು ಯಾಕ್ ಬೀಳಂಗಿಲ್ಲ?"

ಪಾಠಯೋಜನೆಯ ವಿವರಣೆಯಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಉಬ್ಬು ಕೆಳಗಾದಾಗ ವಿಮಾನ ನೆಲದತ್ತ ಎಳೆಯಲ್ಪಡಬೇಕಿತ್ತು. ರೆಕ್ಕೆ ಗಾಳಿಗೆ ತುಸು ಓರೆಯಾಗಿ ನಿಂತು ಅದನ್ನು ಕೆಳಕ್ಕೆ ತಿರುಗಿಸುತ್ತದೆ; ಗಾಳಿ ರೆಕ್ಕೆಯನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೇ ನಿಯಮವೇ ಇದು. ಉಲ್ಟಾ ಹಾರುವ ಪೈಲಟ್ ಮೂತಿಯನ್ನು ಬೇಕಾದಷ್ಟು ಎತ್ತಿ ಆ ಓರೆಯನ್ನು ಉಳಿಸಿಕೊಳ್ಳುತ್ತಾನೆ. ನಮ್ಮ ಗ್ಲೈಡರ್‌ನಲ್ಲಿ ರೆಕ್ಕೆಯ ಮುಂದಂಚಿನ ಕೆಳಗೆ ಇಟ್ಟ ಕಡ್ಡಿಯ ಚೂರು ಆ ಕೆಲಸ ಮಾಡಿತ್ತು.

40 ನಿಮಿಷದ ಅವಧಿಯಲ್ಲಿ ಇದೆಲ್ಲ ಸಾಧ್ಯವೇ ಎಂದು ಕೇಳಬಹುದು. ಆರು ಮಕ್ಕಳ ಗುಂಪಿಗೆ ಒಂದು ಗ್ಲೈಡರ್, ಹಿಂದಿನ ದಿನವೇ ಸಿದ್ಧ. ಹಾರಿಸಲು ಶಾಲೆಯ ಅಂಗಳದಲ್ಲಿ ಹತ್ತು ನಿಮಿಷ ಸಾಕು. ರಿಮೋಟ್ ವಿಮಾನ ಬೇಕಿಲ್ಲ. ಅದಕ್ಕೆ 2021ರ ಡ್ರೋನ್ ನಿಯಮಗಳನ್ನೂ ಡಿಜಿಟಲ್ ಸ್ಕೈ ನಕ್ಷೆಯ ವಲಯಗಳನ್ನೂ ನೋಡಿಕೊಳ್ಳಬೇಕು; ವಾಯುನೆಲೆ ಇರುವ ಜಿಲ್ಲೆಯಲ್ಲಂತೂ ಇದು ಮುಖ್ಯ.

ನಿಜವಾದ ಅಡ್ಡಿ ಪ್ರಶಿಕ್ಷಣಾರ್ಥಿಯ ಭಯ. ವೀಕ್ಷಕರ ಎದುರು ವಿಮಾನ ಬಿದ್ದರೆ ಅಂಕ ಹೋಗುತ್ತದೆ ಎಂದು ಅದನ್ನು ಮೇಜಿನ ಮೇಲೆಯೇ ಇಡುತ್ತೇವೆ. ಹಾಗಾಗಿ ಮಾರ್ಗದರ್ಶಕ ಉಪನ್ಯಾಸಕರಲ್ಲಿ ನನ್ನ ಕೋರಿಕೆ: ವೀಕ್ಷಣಾ ನಮೂನೆಯಲ್ಲಿ ಎರಡು ಸಾಲು ಸೇರಿಸಿ. ಉಪಕರಣವನ್ನು ಮಕ್ಕಳ ಕೈಯಲ್ಲಿ ಪರೀಕ್ಷಿಸಿದರೇ? ಅದು ಬಿದ್ದಾಗ ಕಾರಣವನ್ನು ಮಕ್ಕಳಿಂದಲೇ ಹೇಳಿಸಿ, ಎರಡನೇ ಸಲ ಎಸೆಯಲು ಅವಕಾಶ ಕೊಟ್ಟರೇ? ಬಣ್ಣಕ್ಕೆ ಕೊಡುವ ಅಂಕವನ್ನು ಇವಕ್ಕೆ ಕೊಟ್ಟರೆ ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಅಂಗಳಕ್ಕೆ ಇಳಿಯುತ್ತಾರೆ.