ಅನ್ನಪಾನನಿರೋಧದ ದೋಷ ಯಾರದು?

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ ಮತ್ತು ಅನ್ನಪಾನನಿರೋಧ. ಮೊದಲ ನಾಲ್ಕು ಕಣ್ಣಿಗೆ ಕಾಣುವ ದೋಷಗಳು. ಆಶ್ರಯದಲ್ಲಿರುವ ಜೀವಕ್ಕೆ ಹೊತ್ತಿಗೆ ಅನ್ನನೀರು ಸಿಗದಂತಾಗುವ ಐದನೆಯದು ಮಾತ್ರ ಸದ್ದಿಲ್ಲದೆ ನಡೆದುಹೋಗುತ್ತದೆ. ಗೋಶಾಲೆಯಲ್ಲಿ ಮೇವು ತಪ್ಪಿದರೆ ಮರುಗುವ ಶ್ರಾವಕರು ನರ್ಸಿಂಗ್ ಹೋಮಿನ ಮಂಚದಲ್ಲಿ ಮಲಗಿರುವ ಹೆತ್ತ ತಾಯಿಯ ತಟ್ಟೆಯನ್ನು ಈ ಸೂತ್ರದ ಬೆಳಕಿನಲ್ಲಿ ನೋಡುವುದು ಅಪರೂಪ.

ಚಳ್ಳಕೆರೆಯಂಥ ಊರಿನ ಒಂದು ಸಣ್ಣ ನರ್ಸಿಂಗ್ ಹೋಮನ್ನು ಕಲ್ಪಿಸಿಕೊಳ್ಳಬಹುದು. ರಾತ್ರಿಭೋಜನತ್ಯಾಗವನ್ನು ಜೀವನವಿಡೀ ಪಾಲಿಸಿದ, ಸಕ್ಕರೆ ಕಾಯಿಲೆಯ ವೃದ್ಧ ಶ್ರಾವಿಕೆಯೊಬ್ಬರು ಅಲ್ಲಿ ದಾಖಲಾಗುತ್ತಾರೆ. ಊಟ ಬರುವುದು ರಾತ್ರಿ 8ಕ್ಕೆ. ಸಾರಿನಲ್ಲಿ ಈರುಳ್ಳಿ, ಪಲ್ಯದಲ್ಲಿ ಆಲೂಗಡ್ಡೆ. ಆಕೆ ತಟ್ಟೆಯನ್ನು ಮುಟ್ಟುವುದಿಲ್ಲ. ಆಯಾ ತಟ್ಟೆಯನ್ನು ಹಿಂದಕ್ಕೆ ಒಯ್ಯುತ್ತಾಳೆ. ವೈದ್ಯರು ‘ರಾತ್ರಿ ಊಟದೊಡನೆ’ ಎಂದು ಬರೆದ ಇನ್ಸುಲಿನ್ನನ್ನು ಸಿಸ್ಟರ್ ಬರೆದಂತೆಯೇ ಕೊಡುತ್ತಾರೆ. ಸೂರ್ಯಾಸ್ತಕ್ಕೆ ಮುನ್ನ ಸೇವಿಸಿದ ಎರಡು ತುತ್ತಿನ ಆಧಾರ ಅಷ್ಟರಲ್ಲಿ ಕರಗಿರುತ್ತದೆ. ನಡುರಾತ್ರಿಯಲ್ಲಿ ರಕ್ತದ ಸಕ್ಕರೆ ಕುಸಿದು ಬೆವರು, ನಡುಕ, ತೊದಲು ಮಾತು ಕಾಣಿಸಿಕೊಂಡರೆ ‘ವಯಸ್ಸಾಯಿತು, ಅರಳುಮರಳು’ ಎಂದು ಸಮಾಧಾನ ಹೇಳಲಾಗುತ್ತದೆ. ಇಲ್ಲಿ ವೈದ್ಯರು, ಸಿಸ್ಟರ್, ಅಡುಗೆಯವರು ತಮ್ಮ ತಮ್ಮ ಕೆಲಸವನ್ನು ಮಾಡಿದ್ದಾರೆ. ಒಬ್ಬರ ಕೆಲಸವನ್ನು ಇನ್ನೊಬ್ಬರ ಕೆಲಸಕ್ಕೆ ಜೋಡಿಸುವವರು ಮಾತ್ರ ಇರಲಿಲ್ಲ.

ಆ ಜೋಡಣೆಯೇ ಡಯಟೀಷಿಯನ್ ಎನಿಸಿಕೊಳ್ಳುವ ಆಹಾರತಜ್ಞರ ನಿಜವಾದ ಕೆಲಸ. ಅವರ ಕೆಲಸವು ಪಥ್ಯದ ಚೀಟಿ ಬರೆದುಕೊಡುವುದರಲ್ಲಿ ಮುಗಿಯುವುದಿಲ್ಲ. ರೋಗಿಯ ತೂಕ ಎಷ್ಟು ಇಳಿದಿದೆ, ಯಾವ ವ್ರತವಿದೆ, ಅಷ್ಟಮಿ-ಚತುರ್ದಶಿಗಳಲ್ಲಿ ಉಪವಾಸವೋ ಏಕಾಶನವೋ ಎಂಬುದನ್ನು ಮೊದಲ ದಿನವೇ ಕೇಳಿ, ಔಷಧದ ಹೊತ್ತನ್ನೂ ಪ್ರಮಾಣವನ್ನೂ ಅದಕ್ಕೆ ಹೊಂದಿಸುವಂತೆ ವೈದ್ಯರಿಗೆ ತಿಳಿಸುವವರು ಅವರು. ಎಷ್ಟು ತುತ್ತು ಒಳಗೆ ಹೋಯಿತೆಂಬುದನ್ನು ಸಿಸ್ಟರ್ ಬರೆದಿಡಬೇಕು. ನೀರು ಕುಡಿಯುವಾಗ ಅಜ್ಜಿ ಕೆಮ್ಮುತ್ತಾರೆಂಬುದನ್ನು ಮೊದಲು ಕಾಣುವವಳು ಉಣಿಸುವ ಆಯಾ. ನುಂಗುವ ಶಕ್ತಿ ಕುಂದಿದ್ದಕ್ಕೆ ಅದು ಸೂಚನೆ. ಆಕೆಯ ಮಾತು ವೈದ್ಯರವರೆಗೆ ತಲುಪಬೇಕು. ಕ್ಯಾಪ್ಸೂಲಿನ ಕವಚವು ಪ್ರಾಣಿಜನ್ಯ ಜೆಲಟಿನ್ನಿನದೋ ಅಲ್ಲವೋ ಎಂಬುದನ್ನು ಔಷಧದಂಗಡಿಯವರು ಹೇಳಬೇಕು. ಕಟ್ಟುನಿಟ್ಟಿನ ಸಸ್ಯಾಹಾರದೊಡನೆ ದೀರ್ಘಕಾಲ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಬಿ12 ಜೀವಸತ್ವದ ಕೊರತೆ ಉಂಟಾಗಬಹುದೆಂಬುದು ವೈದ್ಯರ ಗಮನದಲ್ಲಿರಬೇಕು.

ಆಹಾರತಜ್ಞರೂ ಕಲಿಯಬೇಕಾದದ್ದಿದೆ. ಪ್ರೋಟೀನು ಹೆಚ್ಚಲೆಂದು ಮೊಸರಿನೊಡನೆ ಬೇಳೆಯನ್ನು ಸೇರಿಸಿ ಬರೆದರೆ ದ್ವಿದಳದೋಷವನ್ನು ಅರಿತ ಶ್ರಾವಿಕೆ ಅದನ್ನು ಉಣ್ಣುವುದಿಲ್ಲ. ಹಗಲಿನಲ್ಲಿ ಒಮ್ಮೆ ಹಾಲು, ಮತ್ತೊಮ್ಮೆ ಬೇರೆಯಾಗಿ ಹೆಸರುಬೇಳೆ, ನವಣೆಯ ಗಂಜಿ, ಹುರಿಗಡಲೆ ಹಿಟ್ಟು, ಶೇಂಗಾ ಎಂದು ಬರೆದರೆ ವ್ರತವೂ ಉಳಿಯುತ್ತದೆ, ದೇಹವೂ ಉಳಿಯುತ್ತದೆ. ಎಣ್ಣೆ ಮಿಲ್ಲುಗಳಿಂದ ಹೆಸರಾದ ಚಳ್ಳಕೆರೆಯಲ್ಲಿ ಶೇಂಗಾಕ್ಕೆ ಬರವೇ? ಬಹುದಿನಗಳ ಉಪವಾಸದ ಪಾರಣೆಯನ್ನು ಹೆಸರುಕಟ್ಟಿನಂಥ ಲಘು ಆಹಾರದಿಂದ ಆರಂಭಿಸುವ ರೂಢಿಯನ್ನು ವೈದ್ಯಶಾಸ್ತ್ರವೂ ಒಪ್ಪುತ್ತದೆ. ಬಳಲಿದ ದೇಹಕ್ಕೆ ಒಮ್ಮೆಲೇ ಹೆಚ್ಚು ಆಹಾರ ಕೊಟ್ಟರೆ ರಕ್ತದ ಫಾಸ್ಫೇಟು, ಪೊಟ್ಯಾಸಿಯಂಗಳು ಕುಸಿದು ಪ್ರಾಣಾಪಾಯವಾಗಬಹುದು.

‘ಕಾಯಿಲೆಯಲ್ಲಿ ವ್ರತವೇಕೆ, ಬಿಟ್ಟುಬಿಡಲಿ’ ಎನ್ನುವವರಿದ್ದಾರೆ. ಬಿಡುವುದೂ ಬಿಡದಿರುವುದೂ ವ್ರತ ತೊಟ್ಟವರಿಗೆ ಸೇರಿದ್ದು. ಅಡುಗೆಮನೆಯ ಅನುಕೂಲಕ್ಕಾಗಿ ಇನ್ನೊಬ್ಬರ ವ್ರತವನ್ನು ಮುರಿಯುವುದು ಶುಶ್ರೂಷೆಯಲ್ಲ. ಇನ್ನು ಕೆಲವರು ಇದಕ್ಕಿಂತ ಘೋರವಾದ ಮಾತನ್ನು ಮೆಲುದನಿಯಲ್ಲಿ ಆಡುತ್ತಾರೆ: ‘ಊಟ ಬಿಟ್ಟಿದ್ದಾರೆ, ಸಲ್ಲೇಖನವೆಂದೇ ತಿಳಿಯೋಣ.’ ಈ ಮಾತನ್ನು ಖಂಡಿಸದೆ ಬಿಡಲಾಗದು. ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಜರೆ, ರುಜೆಗಳು ಒದಗಿದಾಗ ಧರ್ಮಕ್ಕಾಗಿ ದೇಹತ್ಯಾಗ ಮಾಡುವುದೇ ಸಲ್ಲೇಖನವೆಂದು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿರೂಪಿಸಿದ್ದಾರೆ. ಅದು ಎಚ್ಚರದ ಸಂಕಲ್ಪ, ಶಾಂತ ಪರಿಣಾಮ. ಹೊತ್ತು ಮೀರಿ ಬಂದ ತಟ್ಟೆಯನ್ನು ಹಿಂದಿರುಗಿಸಿ ಹಸಿದು ಮಲಗಿದ ಅಜ್ಜಿಯದು ಸಂಕಲ್ಪವಲ್ಲ, ನಿರುಪಾಯ. 2015ರ ಆಗಸ್ಟ್‌ನಲ್ಲಿ ರಾಜಸ್ಥಾನ ಹೈಕೋರ್ಟು ಸಲ್ಲೇಖನವನ್ನು ಅಪರಾಧವೆಂದು ತೀರ್ಪಿತ್ತಾಗ ಜೈನ ಸಮಾಜವು ದೇಶದಾದ್ಯಂತ ಮೌನಮೆರವಣಿಗೆ ನಡೆಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆಯಿತ್ತಿತು. ಸಲ್ಲೇಖನದ ಪಾವಿತ್ರ್ಯಕ್ಕಾಗಿ ಬೀದಿಗಿಳಿದ ಸಮಾಜವು ಅಲಕ್ಷ್ಯಕ್ಕೆ ಅದೇ ಪವಿತ್ರ ನಾಮವನ್ನು ಹೊದಿಸಬಹುದೇ?

ಕಾನೂನೂ ಈ ವಿಷಯದಲ್ಲಿ ಮೌನವಾಗಿಲ್ಲ. 2007ರ ತಂದೆತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯಿದೆಯು ಪೋಷಣೆಯೆಂಬ ಪದದಲ್ಲಿಯೇ ಆಹಾರವನ್ನೂ ವೈದ್ಯಕೀಯ ಶುಶ್ರೂಷೆಯನ್ನೂ ಸೇರಿಸಿದೆ. 2021ರ ರಾಷ್ಟ್ರೀಯ ಸಹವೈದ್ಯಕೀಯ ವೃತ್ತಿಗಳ ಆಯೋಗದ ಕಾಯಿದೆಯು ಆಹಾರತಜ್ಞರನ್ನು ಮಾನ್ಯ ವೃತ್ತಿಯವರ ಸಾಲಿಗೆ ಸೇರಿಸಿದೆ. ಅಮೆರಿಕದಲ್ಲಿ ನರ್ಸಿಂಗ್ ಹೋಮೆಂದರೆ ವೃದ್ಧರು ದೀರ್ಘಕಾಲ ವಾಸಿಸುವ ಆರೈಕೆಯ ಮನೆ. ಅಲ್ಲಿ ಪ್ರತಿಯೊಬ್ಬರ ಆರೈಕೆಯ ಯೋಜನೆಯನ್ನು ವೈದ್ಯರು, ನರ್ಸು, ಸಹಾಯಕಿಯರೊಡನೆ ಆಹಾರ ವಿಭಾಗದವರೂ ಕುಳಿತು ರೂಪಿಸಬೇಕೆಂಬ ನಿಯಮವಿದೆ. ಇಲ್ಲಿಯ ತಾಲ್ಲೂಕು ಕೇಂದ್ರಗಳ ಸಣ್ಣ ನರ್ಸಿಂಗ್ ಹೋಮುಗಳು ಒಬ್ಬೊಬ್ಬ ಆಹಾರತಜ್ಞರಿಗೆ ಪೂರ್ಣ ಸಂಬಳ ಕೊಡುವುದು ಕಷ್ಟವೆಂಬುದು ನಿಜ. ಬಸದಿ ಹಾಗೂ ಮಂದಿರಗಳ ಟ್ರಸ್ಟುಗಳ ಹೊಣೆ ಆರಂಭವಾಗುವುದು ಅಲ್ಲಿಂದಲೇ.

ಪಂಚಕಲ್ಯಾಣದ ಮಂಟಪಕ್ಕೂ ನೆಲದ ಅಮೃತಶಿಲೆಗೂ ಹರಾಜಿನಲ್ಲಿ ಹಣ ಹರಿದುಬರುತ್ತದೆ. ಅದರ ಅಲ್ಪಭಾಗದಿಂದ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಊರುಗಳಿಗೆ ವಾರಕ್ಕೊಮ್ಮೆ ಬಂದುಹೋಗುವ ಒಬ್ಬ ಆಹಾರತಜ್ಞರನ್ನು ಗೊತ್ತುಮಾಡಲಾಗದೇ? ಪ್ರತಿ ಕುಟುಂಬವು ಹಿರಿಯರ ವ್ರತ, ವರ್ಜ್ಯವಸ್ತು, ಊಟದ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ಕೇಸ್ ಶೀಟಿಗೆ ಲಗತ್ತಿಸುವ ಪದ್ಧತಿಯನ್ನು ಟ್ರಸ್ಟುಗಳು ರೂಢಿಗೆ ತರಲಾಗದೇ? ಸೂರ್ಯಾಸ್ತಕ್ಕೆ ಮುನ್ನ ಶುದ್ಧ ಆಹಾರದ ಡಬ್ಬಿಯೊಂದನ್ನು ಆಸ್ಪತ್ರೆಗೆ ತಲುಪಿಸುವಷ್ಟು ಯುವಕರು ಎರಡು ಊರುಗಳಲ್ಲಿ ಇಲ್ಲವೇ? ಆಹಾರದಾನ, ಔಷಧದಾನಗಳನ್ನು ಆಚಾರ್ಯರು ಅಕ್ಕಪಕ್ಕದಲ್ಲಿ ಹೇಳಿದರು. ಆಸ್ಪತ್ರೆಗಳಲ್ಲಿ ಅವೆರಡೂ ಒಂದನ್ನೊಂದು ಅರಿಯದೆ ನಡೆಯುತ್ತಿವೆ.

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ತಾಯಿತಂದೆಯರ ಶುಶ್ರೂಷೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ ಇವುಗಳನ್ನು ಬ್ರಹ್ಮಗಿರಿಯ ಬಂಡೆ ಒಂದೇ ಉಸಿರಿನಲ್ಲಿ ಬೋಧಿಸುತ್ತದೆ. ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಲ್ಲು ನೆನಪಿಟ್ಟುಕೊಂಡದ್ದನ್ನು ಅದರ ನೆರೆಯ ಮನೆಗಳು ಮರೆಯಬಾರದು. ವೈಯಾವೃತ್ಯವನ್ನು ಅಂತರಂಗ ತಪಸ್ಸುಗಳಲ್ಲಿ ಎಣಿಸಿದ ಧರ್ಮದಲ್ಲಿ, ಹೊತ್ತಿಗೆ ಮುನ್ನ ತಲುಪಿದ ಒಂದು ಬಟ್ಟಲು ಗಂಜಿಯೂ ತಪಸ್ಸೇ. ಹೊತ್ತು ಮೀರಿ ಹಿಂದಿರುಗಿದ ತಟ್ಟೆ ಅತಿಚಾರವೇ. ಅದರ ಲೆಕ್ಕವು ಅಡುಗೆಯವನ ಹೆಸರಿನಲ್ಲಿ ಮಾತ್ರ ಬರೆದುಕೊಳ್ಳುವುದಿಲ್ಲ.